ಬಿತ್ತನೆ ರಾಗಿ ಕಾದ ಸಾಕಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ ಅಂದ್ಕೋ, ಆ ಕಾಲದಲ್ಲಿ ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬ ಮುದುಕಿ ಇದ್ಲಂತೆ. ಕಾಲು ಒಳಗೆ ಎಳ್ಕೊ ಮಗಾ, ಹೊದ್ದಿಗೆ ಸರಿ ಮಾಡ್ಕೊ, ಹಾವು ಕತೇಲಿ ಬರುತ್ತೆ, ಹಾಸಿಗೇಲಿ ಬರಲ್ಲ. ಆ ದ್ಯಾವಮ್ಮಂಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು. ಹಿರೀ ಸೊಸೆ ಬೋರಮ್ಮ, ಅವಳ ಬಾಯಿ ಜೋರು, ಕೈ ಇನ್ನೂ ಜೋರು. ನಡುವಿನೋಳು ನಿಂಗಮ್ಮ, ಕಂಡಕಂಡ ಕಲ್ಲಿಗೆಲ್ಲ ಕೈ ಮುಗಿಯೋಳು. ಕಿರಿಯೋಳು ಸಾಕಿ, ಪಾಪ, ತೌರುಮನೆ ಅಂತ ಏನೂ ಉಳಿದಿರಲಿಲ್ಲ ಅವಳಿಗೆ. ಅವಳಪ್ಪ ಒಂದು ಸಂಜೆ ದನಕ್ಕೆ ಹುಲ್ಲು ಹಿರಿಯೋಕೆ ಅಂತ ನೋಡದೆ ಮಾಡದೆ ಮೆದೆಯೊಳಕ್ಕೆ ಕೈ ಹಾಕಿದ್ನಂತೆ, ಒಳಗೆ ಮಂಡಲದ ಹಾವು ಮಲಗಿತ್ತಂತೆ, ಕಚ್ಚೇಬಿಡ್ತಂತೆ, ಬೆಳಗಾಗೋದ್ರೊಳಗೆ ಪ್ರಾಣ ಹೋಯ್ತಂತೆ. ಆವತ್ತಿಂದ ಹಾವು ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ಸಾಕಿಗೆ ಕೈಕಾಲು ತಣ್ಣಗಾಗ್ತಿತ್ತಂತೆ.

ಆಮೇಲೆ ಒಂದು ವರ್ಷ ಸುಗ್ಗಿ ಮುಗೀತಂತೆ, ದ್ಯಾವಮ್ಮ ಬಿತ್ತನೆ ರಾಗೀನ ಮೂರು ವಾಡೆಗೆ ತುಂಬಿಸಿದ್ಲಂತೆ. ವಾಡೆ ನೀನು ನೋಡಿಲ್ಲ, ಆಳೆತ್ತರದ ಮಣ್ಣಿನ ಗುಡಾಣ ಅದು, ಕಾಳು ತೆಗೆಯೋಕೆ ಬುಡದಲ್ಲೊಂದು ತೂತು, ಆ ತೂತಿಗೆ ಬಟ್ಟೆ ತುರುಕಿ ಮೇಲೆ ಸಗಣಿ ಮೆತ್ತಿರ್ತಾರೆ. ಒಬ್ಬೊಬ್ಬ ಸೊಸೆ ಕೋಣೆಗೆ ಒಂದೊಂದು ವಾಡೆ ಇಡಿಸಿ ಮುದುಕಿ ಹೇಳಿದ್ಲಂತೆ, ನೋಡ್ರವ್ವಾ, ಮುಂಗಾರು ಬರೋವರೆಗೆ ನಿಮ್ಮ ನಿಮ್ಮ ರಾಗಿ ನೀವೇ ಕಾಯ್ಬೇಕು, ಯಾರ ಬೀಜ ಹಾಳಾಯ್ತೋ ಅವರ ಪಾಲಿನ ಹೊಲ ಈ ವರ್ಷ ಬೀಳು, ಗಂಡ ಹೆಂಡ್ತಿ ಇಬ್ರೂ ಕಂಡೋರ ಮನೆ ಕೂಲಿಗೆ ಹೋಗಿ ಅಂತ. ದೊಡ್ಡ ಸೊಸೆಯರಿಬ್ಬರಿಗೆ ಏನು, ತೌರಿಗೆ ಹೇಳಿ ಕಳಿಸಿದ್ರೆ ಒಂದು ಮೂಟೆ ರಾಗಿ ಬರ್ತಿತ್ತು. ಸಾಕಿಗೆ ಮಾತ್ರ ಆ ವಾಡೆ ಬಿಟ್ರೆ ಗತಿ ಇರಲಿಲ್ಲ, ಅದಕ್ಕೆ ದಿನಕ್ಕೆ ಹತ್ತು ಸಲ ಅದನ್ನ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ಲಂತೆ.

ರಾಗಿ ಇದ್ದ ಕಡೆ ಇಲಿ ಬರದೆ ಇರುತ್ತಾ? ಬಂದ್ವು. ಇಲಿ ಬಂದ ಕಡೆ ಹಾವು ಬರದೆ ಇರುತ್ತಾ? ಅದೂ ಬಂತು. ಮೂರು ಕೋಣೆಗೂ ಒಂದೊಂದು ಕೇರೆ ಹಾವು ಬಂದು ಗೋಡೆ ಬುಡದ ಬಿಲ ಸೇರ್ಕೊಂಡ್ವಂತೆ.

ಬೋರಮ್ಮ ನೋಡಿದ್ಲಂತೆ. ಕೇರೆ ಹಾವು ಬಾಲದಲ್ಲಿ ಹೊಡೆದ್ರೆ ಮೈ ಕೊಳೆತೋಗುತ್ತೆ ಅಂತ ಯಾರೋ ಅವಳ ತಲೆಗೆ ತುಂಬಿದ್ರಂತೆ. ಯಾರು ಕಂಡಿದ್ರೋ ಹಾಗೆ ಕೊಳೆತಿದ್ದನ್ನ, ನಾನಂತೂ ಕಂಡಿಲ್ಲ. ತಗೊಂಡ್ಲು ದೊಣ್ಣೆ, ಹೊಡೆದ್ಲು, ತಿಪ್ಪೆಗೆ ಎಸೆದು ಕೈ ತೊಳ್ಕೊಂಡು ಬಂದ್ಲು. ಆಮೇಲೆ ಇಲಿಗಳಿಗೆ ಹೇಳೋರಿಲ್ಲ ಕೇಳೋರಿಲ್ಲ, ಬಟ್ಟೆ ಕಡಿದು, ತೂತು ಬಿಚ್ಚಿ, ಮರಿ ಮಕ್ಕಳು ಸಮೇತ ಸಂಸಾರ ಹೂಡಿದ್ವಂತೆ. ಬೋರಮ್ಮ ಬಂದು ವಾಡೆ ಬಡಿದು ನೋಡಿದ್ರೆ ಡಬಡಬ ಅಂತ ಬರೀ ಸದ್ದು.

ನಿಂಗಮ್ಮ ಹಾಗಲ್ಲ, ಅಯ್ಯೋ ನಾಗಪ್ಪ ನನ್ನ ಕೋಣೆಗೇ ಬಂದ ಅಂತ ಹಿಗ್ಗಿಹೋದ್ಲಂತೆ. ಕೇರೆ ಯಾವುದು, ನಾಗರ ಯಾವುದು, ಅದೂ ಗೊತ್ತಿಲ್ಲ ಆ ಪುಣ್ಯಾತ್ಗಿತ್ತಿಗೆ. ನಾವು ಹಬ್ಬದ ದಿನ ಹುತ್ತಕ್ಕೆ ಹಾಲು ಹುಯ್ದು ತನಿ ಎರೀತೀವಲ್ಲ, ಹಾಗೆ ಇವಳು ದಿನಾ ಬೆಳಗ್ಗೆ ಆ ಬಿಲಕ್ಕೆ ಚೊಂಬುಗಟ್ಟಲೆ ಹಾಲು ಹುಯ್ದಳಂತೆ, ತಂಬಿಟ್ಟು ಇಟ್ಟಳಂತೆ, ಎಳ್ಳು ಬೆಲ್ಲದ ಚಿಗಳಿ ಇಟ್ಟಳಂತೆ. ಹಾವು ತಂಬಿಟ್ಟು ತಿನ್ನುತ್ತಾ ಮಗಾ? ಬೆಲ್ಲಕ್ಕೆ ಇರುವೆ ಮುತ್ಕೊಂಡ್ವು, ಹಾಲು ಹುಳಿ ಬಂದು ನಾರಿತು, ಬಿಲದಲ್ಲಿ ಇರೋಕಾಗದೆ ಆ ಕೇರೆ ಹಾವು ಒಂದಿನ ಹಿತ್ತಿಲು ದಾಟಿ ಹೊರಟೇ ಹೋಯ್ತಂತೆ. ತಂಬಿಟ್ಟಿನ ವಾಸನೆಗೆ ಊರ ಇಲಿಯೆಲ್ಲ ಅಲ್ಲಿಗೇ ಬಂದ್ವಂತೆ. ತಂಬಿಟ್ಟು ತಿಂದು, ಬಾಯಿ ರುಚಿಗೆ ಅಂತ ವಾಡೆ ರಾಗೀನೂ ತಿಂದು ಹೋದ್ವಂತೆ.

ಈಗ ಸಾಕಿ ಕೋಣೆಗೆ ಬಾ. ಅವಳು ಮೊದಲನೇ ಸಲ ಹಾವು ಕಂಡಾಗ ಹೊಸಿಲಿಂದಲೇ ಹಿಂದಕ್ಕೆ ಹಾರಿದ್ಲಂತೆ. ಓಡಿಹೋಗಿ ಓರಗಿತ್ತಿ ಬೋರಮ್ಮನ ಹತ್ರ ದೊಣ್ಣೆ ಇಸ್ಕೊಂಡು ಬಂದ್ಲು, ಎತ್ತಿದ್ಲು. ನೋಡ್ತಾಳೆ, ಹಾವಿನ ಬಾಯಲ್ಲಿ ಇಲಿ ಬಾಲ ಜೋತಾಡ್ತಾ ಇದೆ. ಅದು ಇವಳ ಕಡೆ ತಿರುಗೂ ನೋಡಲಿಲ್ಲವಂತೆ, ಅದರ ಊಟ ಅದಕ್ಕೆ. ಸಾಕಿ ಅಲ್ಲೇ ನಿಂತು ಯೋಚನೆ ಮಾಡಿದ್ಲಂತೆ, ಇದು ನನ್ನ ರಾಗಿ ಕಾಯ್ತಾ ಇದೆ, ನಮ್ಮಪ್ಪನ್ನ ಕಚ್ಚಿದ್ದೂ ಇದರ ಕುಲವೇ, ಆದ್ರೆ ಅಪ್ಪ ನೋಡದೆ ಕೈ ಹಾಕಿದ್ದ, ಅದು ಹೆದರಿ ಕಚ್ಚಿತ್ತು. ಇದಕ್ಕೆ ಪೂಜೇನೂ ಬೇಡ, ಪೆಟ್ಟೂ ಬೇಡ, ನಾನು ಬರೋದು ಇದಕ್ಕೆ ತಿಳಿದ್ರೆ ಸಾಕು. ಅವತ್ತಿಂದ ಅವಳು ಕೋಣೆಗೆ ಹೋಗೋ ಮುಂಚೆ ಆ ದೊಣ್ಣೇಲಿ ಹೊಸಿಲಾಚೆ ನೆಲ ಕುಟ್ಟೋಳಂತೆ, ಕುಟ್ಟಿ ಒಂದು ಚೂರು ತಡೆಯೋಳಂತೆ. ಹಾವು ಸರ್ ಅಂತ ಬಿಲಕ್ಕೆ, ಇವಳು ಒಳಕ್ಕೆ. ಹೆದರಿಕೆ ಹೋಯ್ತಾ ಅಂತೀಯಾ? ಎಲ್ಲಿ ಹೋಗುತ್ತೆ, ದಿನಾ ಹೆದರ್ಕೊಂಡೇ ಕುಟ್ಟೋಳಂತೆ.

ಆಮೇಲೆ ಮುಂಗಾರು ಬಂತು. ರಾತ್ರಿಯೆಲ್ಲ ಹುಯ್ದು ಬೆಳಗ್ಗೆ ಹೊಳವಾಯ್ತು, ನೆಲ ಒಳ್ಳೆ ಹದಕ್ಕೆ ಬಂದಿತ್ತಂತೆ. ಊರಿನೋರೆಲ್ಲ ಕೂರಿಗೆ ಹೊತ್ತು ಹೊಲಕ್ಕೆ ಹೊರಟ್ರು. ಸಾಕಿ ಗಂಡ ಕೆಂಚ, ಅವನೊಬ್ಬ ಆತುರಗಾರ, ಮಂಕರಿ ಹಿಡ್ಕೊಂಡು ಬೀಜ ತರೋಕೆ ಕೋಣೆಗೆ ನುಗ್ತಾ ಇದ್ದನಂತೆ. ತಡಿ ಅಂತ ಸಾಕಿ ಅವನ ತೋಳು ಹಿಡ್ಕೊಂಡು ನೆಲ ಕುಟ್ಟಿದ್ಲು. ಒಳಗಿಂದ ಬುಸ್ ಅಂತ ಬಂತು ಸದ್ದು. ಕೇರೆ ಹಾವು ಎಲ್ಲಿ ಹೋಗಿತ್ತೋ, ವಾಡೆ ಬುಡದಲ್ಲಿ ಈಗ ನಾಗರಹಾವು, ಹೆಡೆ ಬಿಚ್ಚಿ ನಿಂತಿದೆ. ಕುಟ್ಟದೆ ಇದ್ದಿದ್ರೆ ಕೆಂಚನ ಕೈ ಹೋಗ್ತಿದ್ದಿದ್ದು ಸೀದಾ ಅಲ್ಲಿಗೇ.

ಬೋರಮ್ಮ, ಹೊಡೀರಿ ಹೊಡೀರಿ ಅಂತಾಳೆ. ನಿಂಗಮ್ಮ ಹಾಲು ತರೋಕೆ ಓಡ್ತಾಳೆ. ಕೆಂಚ ಒನಕೆ ತಗೊಂಡ. ಸಾಕಿ ಮಾತ್ರ ಹೊರಗಡೆಯಿಂದ ಬಳಸಿಕೊಂಡು ಹೋಗಿ ಆ ಕೋಣೆಯ ಹಿತ್ತಿಲ ಬಾಗಿಲು ತೆಗೆದು, ಮತ್ತೆ ಮುಂದಕ್ಕೆ ಬಂದು ಬಾಗಿಲಿಗೆ ಅಡ್ಡ ಕೂತ್ಬಿಟ್ಲಂತೆ. ಒಬ್ರೂ ಒಳಗೆ ಕಾಲಿಡಕೂಡದು, ಸದ್ದು ಮಾಡಕೂಡದು, ಅದು ತಾನಾಗಿ ಹೋಗುತ್ತೆ ಅಂದ್ಲಂತೆ. ಬಿಸಿಲು ಏರ್ತಾ ಬಂತು, ಅಕ್ಕಪಕ್ಕದ ಹೊಲ ಬಿತ್ತಿ ಆಗ್ತಾ ಬಂತು, ಇವರ ಹೊಲ ಆರ್ತಾ ಇದೆ. ಕೆಂಚಂಗೆ ಸಿಟ್ಟು ನೆತ್ತಿಗೇರಿತಂತೆ. ನಿಮ್ಮಪ್ಪನ್ನ ಕೊಂದ ಜಾತಿಗೆ ನೀನು ಕಾವಲು ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ ಅಂದ್ಬಿಟ್ನಂತೆ. ಎಂಥ ಮಾತು ನೋಡು ಮಗಾ, ನನಗೇ ಹೊಟ್ಟೆ ಉರಿಯುತ್ತೆ.

ಸಾಕಿ ತಲೆ ಎತ್ತಿ ಅವನ ಮುಖ ನೋಡಿ ಹೇಳಿದ್ಲಂತೆ, ನಾನು ಕಾವಲು ಕೂತಿರೋದು ಹಾವಿಗಲ್ಲ, ನಿನಗೆ. ರಾಗಿ ಹೋದ್ರೆ ಕೂಲಿ ಮಾಡ್ತೀನಿ, ಅಪ್ಪನ ಹಾಗೆ ನಿನ್ನೂ ಕಳಕೊಂಡು ಬದುಕೋಕೆ ನನ್ನ ಕೈಲಾಗಲ್ಲ ಅಂತ. ಕೆಂಚ ಒನಕೆ ಗೋಡೆಗೆ ಒರಗಿಸಿ ಅವಳ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತ್ಕೊಂಡನಂತೆ.

ಆಮೇಲೆ ಸುಮಾರು ಹೊತ್ತಾದ ಮೇಲೆ ಹಾವು ಹೆಡೆ ಇಳಿಸ್ತು, ಆ ಕಡೆ ಈ ಕಡೆ ನೋಡ್ತು, ಮೆಲ್ಲಗೆ ಹಿತ್ತಿಲ ಬಾಗಿಲು ದಾಟಿ ಬೇಲಿ ಸಂದಿಗೆ ನುಸುಳಿ ಹೋಯ್ತಂತೆ. ಸಾಕಿ ಮತ್ತೆ ಕುಟ್ಟಿದ್ಲು, ತಡೆದ್ಲು, ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ವಾಡೆ ಬುಡದ ಬಟ್ಟೆ ಎಳೆದ್ಲು. ಸುರಿದು ಬಂತು ನೋಡು ರಾಗಿ, ಕೆಂಪಗೆ, ಗಟ್ಟಿಗೆ, ಇಲಿ ಮೂತಿ ಇಟ್ಟ ಒಂದು ಕಾಳೂ ಇಲ್ಲ. ಹದ ಇನ್ನೂ ಉಳಿದಿತ್ತಂತೆ. ಮೂರು ಹೊಲಕ್ಕೂ ಆಗೋಷ್ಟಿದೆ ಅಕ್ಕ, ನಿಮ್ಮ ಮಂಕರೀನೂ ತನ್ನಿ ಅಂತ ಸಾಕಿ ಓರಗಿತ್ತಿಯರನ್ನ ಕರೆದು ಬೀಜ ಹಂಚಿದ್ಲಂತೆ. ನಿಂಗಮ್ಮ ಹಾವಿಗೆ ಅಂತ ತಂದಿದ್ದ ಹಾಲಲ್ಲೇ ಎಲ್ರಿಗೂ ಪಾಯಸ ಮಾಡಿದ್ಲಂತೆ, ಕೊನೆಗೂ ಅವಳ ಹಾಲು ಉಣ್ಣೋರ ಬಾಯಿಗೆ ಬಿತ್ತು. ಹೊತ್ತು ಮುಳುಗೋದ್ರೊಳಗೆ ಮೂರು ಹೊಲವೂ ಬಿತ್ತಿ ಆಯ್ತಂತೆ.

ಗಂಡಸರೆಲ್ಲ ಹೊಲದಿಂದ ಬಂದು ಕೈಕಾಲು ತೊಳೀತಿದ್ದಾಗ ದ್ಯಾವಮ್ಮ ಕೇಳಿದ್ಲಂತೆ, ಏನವ್ವಾ ಸಾಕಿ, ಈಗ ಹೇಳು, ಹಾವು ಒಳ್ಳೇದೋ ಕೆಟ್ಟದ್ದೋ? ಸಾಕಿ ಹೇಳಿದ್ಲಂತೆ, ಕಚ್ಚಿದ್ರೆ ಸಾಯ್ತೀವಿ ಅತ್ತೆ, ಅದು ನಿಜ. ಅದಿಲ್ಲದಿದ್ರೆ ಇವತ್ತು ಬಿತ್ತೋಕೆ ಒಂದು ಕಾಳೂ ಇರ್ತಿರಲಿಲ್ಲ, ಅದೂ ನಿಜ ಅಂತ. ಅಷ್ಟರಲ್ಲಿ ಕೆಂಚ ಒದ್ದೆ ಕೈ ಒರೆಸ್ಕೊಳ್ತಾ ಒಳಗೆ ಬಂದನಂತೆ. ಅವನ ಎರಡೂ ಕೈ ಹಿಡ್ಕೊಂಡು ತಿರುಗಿಸಿ ಮುರುಗಿಸಿ ನೋಡಿದ್ಲಂತೆ ಸಾಕಿ, ಎಲ್ಲೂ ಒಂದು ಗೀರೂ ಇಲ್ಲ. ಆಗ ಬಂತು ನೋಡು ಅಳು. ಅಪ್ಪ ಸತ್ತಾಗಿಂದ ತಡೆದಿಟ್ಟಿದ್ದೆಲ್ಲ ಅತ್ತು, ಅತ್ತೆ ತೊಡೆ ಮೇಲೆ ಹಂಗೇ ನಿದ್ದೆ ಹೋದ್ಲಂತೆ. ದ್ಯಾವಮ್ಮ ಬೆಳಗಾಗೋವರೆಗೆ ಕಾಲು ಅಲುಗಿಸಲಿಲ್ಲವಂತೆ.

ಅವರ ರಾಗಿ ಮೊಳೆಯಲಿ, ನಮ್ಮ ಕಣ್ಣು ಮುಚ್ಚಲಿ, ಕತೆ ಇಲ್ಲಿಗೆ ಮುಗೀತು ಕಣೇ ಮಗಾ.