ತೂತಿನ ಮಡಕೆಯ ಕೊತ್ತಂಬರಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಇನ್ನೂ ಹಲ್ಲು ಹುಟ್ಟದಿದ್ದ ಕಾಲದಲ್ಲಿ, ಚೌಡಣ್ಣ ಅಂತ ಒಬ್ಬ ಕುಂಬಾರ ಇದ್ದನಂತೆ. ಕಾಲು ಒದೀಬೇಡ ಮಗಾ, ಸುಮ್ಮನೆ ಮಲಕ್ಕೊಂಡು ಕೇಳು. ಅವನ ಹೆಂಡತಿ ಕೆಂಚವ್ವ, ಒಬ್ಬಳೇ ಮಗಳು ನಿಂಗಿ, ನಿನಗಿಂತ ಒಂದು ಗೇಣು ಎತ್ತರ ಇದ್ದಾಳು. ಕೆಂಚವ್ವ ಬಚ್ಚಲ ನೀರು ಹರಿಯೋ ಕಡೆ ಒಂದಿಷ್ಟು ಕೊತ್ತಂಬರಿ ಹಾಕ್ಕೊಂಡು, ಕೋಲು ಹಿಡಿದು ಕೋಳಿ ಓಡಿಸ್ಕೊಂಡು, ಸಾರು ಇಳಿಸೋ ಹೊತ್ತಿಗೆ ಒಂದು ಚಿವುಟು ಕಿತ್ತು ಹಾಕಿದಳು ಅಂದ್ರೆ ಬೀದಿಗೆಲ್ಲ ಗಮ್ ಅನ್ನೋದಂತೆ.

ಆಮೇಲೆ ಏನಾಯ್ತು, ಒಂದು ಜ್ವರ ಬಂತು, ಕೆಂಚವ್ವ ಹೊರಟೇ ಹೋದಳಂತೆ. ಸುಡುಗಾಡಲ್ಲಿ ಗಂಡ ಆದವನು ನೀರಿನ ಮಡಕೆ ಹೆಗಲ ಮೇಲಿಟ್ಟು ಸುತ್ತು ಬರಬೇಕಲ್ಲ, ಒಂದೊಂದು ಸುತ್ತಿಗೆ ಒಂದೊಂದು ತೂತು ಹೊಡೀತಾರಲ್ಲ, ಆ ಮಡಕೆ ಅವನೇ ಮಾಡಿದ್ದಂತೆ. ಮೂರು ತೂತಿಂದ ಸುರಿದ ನೀರು ಬೆನ್ನಿಗೆ ತಣ್ಣಗೆ ತಾಕಿದ್ದು ಅವನಿಗೆ ಮರೀಲೇ ಇಲ್ಲವಂತೆ.

ಅವತ್ತಿಂದ ಅವನು ಮಡಕೆ ಮಾಡೋ ತಿಗರಿ ಮುಟ್ಟಲಿಲ್ಲ. ಎರಡು ತುತ್ತು ಉಂಡು ಎದ್ದುಬಿಡೋನು. ಸಾರು ಚೆನ್ನಾಗಿಲ್ವಾ ಅಪ್ಪ ಅಂತ ನಿಂಗಿ ಕೇಳಿದ್ರೆ, ಚೆನ್ನಾಗದೆ ಕಣವ್ವ, ನಿಮ್ಮವ್ವನ ಘಮ ಒಂದಿಲ್ಲ ಅನ್ನೋನಂತೆ. ಆ ಕೊತ್ತಂಬರೀನ ಕೋಳಿ ಕೆದರಿ ಹಾಕಿದ್ವು. ಸಂತೇಲಿ ಕೊಳ್ಳೋಕೆ ತಿಗರಿ ನಿಂತ ಮನೇಲಿ ಕಾಸೆಲ್ಲಿಂದ ಬರಬೇಕು? ಅಪ್ಪ ದಿನದಿನಕ್ಕೆ ಬಡಕಲಾದ. ಅವ್ವ ಹೋದಂಗೆ ಅಪ್ಪಾನೂ ಹೋಗಿಬಿಟ್ರೆ ಏನು ಗತಿ ಅಂತ ಮಗೀಗೆ ಎದೆ ಡವಡವ.

ಕೋಳಿಗೆ ಸಿಗದಂಗೆ ಮಡಕೇಲಿ ಬೆಳೀತೀನಿ ಅಂತ, ಅವ್ವ ಡಬರಿಗೆ ತುಂಬಿಟ್ಟಿದ್ದ ಧನಿಯ ಒಂದು ಹಿಡಿ ತಗೊಂಡು ಬಿತ್ತಿದಳಂತೆ. ದಿನಾ ಬಗ್ಗಿ ಬಗ್ಗಿ ನೋಡ್ತಾಳೆ, ತಿಂಗಳಾದ್ರೂ ಒಂದು ಮೊಳಕೆ ಇಲ್ಲ. ಪಕ್ಕದ ಮನೇಲಿ ಸೊಪ್ಪು ಮಾರೋ ಸಾಕವ್ವ ಇದ್ದಳು, ಅವಳು ಬಂದು ಒಂದು ಕಾಳು ಕೆದಕಿ ಮೂಸಿ, ಅಯ್ಯೋ ಹುಚ್ಚಿ, ಇದು ಸಾರಿನಪುಡಿಗೆ ನಿಮ್ಮವ್ವ ಹುರಿದಿಟ್ಟಿದ್ದು, ಇದು ಎಲ್ಲಾದರೂ ಮೊಳೀತದಾ ಅಂದಳಂತೆ. ಅವ್ವನ ಕಾಳು ಮಣ್ಣುಪಾಲಾಯ್ತಲ್ಲ ಅಂತ ನಿಂಗಿ ಅತ್ತಿದ್ದೇ ಅತ್ತಿದ್ದು.

ಆಮೇಲೆ ಸಾಕವ್ವ ಹುರೀದೆ ಇರೋ ಧನಿಯ ಕೊಟ್ಟು, ಕಲ್ಲ ಮೇಲೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತು ಅಂದಳಂತೆ. ಸರಿ, ಮೊಳಕೆ ಬಂತು. ಇವಳಿಗೆ ಆಸೆ ತಡೀದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹುಯ್ದಿದ್ದೇ ಹುಯ್ದಿದ್ದು. ಕುಂಬಾರನ ಗಟ್ಟಿ ಮಡಕೆ, ನೀರು ಹೋಗೋದೆಲ್ಲಿಗೆ? ಅಷ್ಟೂ ಕೊಳೆತು ಹೋಯ್ತಂತೆ.

ಮಡಕೆ ಬುಡಕ್ಕೆ ತೂತು ಬೇಕು ಕಣೆ ಅಂದಳು ಸಾಕವ್ವ. ಒಡಕು ಮಡಕೆ ಒಂದೂ ಸಿಗಲಿಲ್ಲ, ಅವರ ಮನೇಲಿ ಒಡೆದದ್ದನ್ನೆಲ್ಲ ಪುಡಿಮಾಡಿ ಹೊಸ ಮಣ್ಣಿಗೆ ಕಲಸಿಬಿಡೋರು. ನಿಂಗಿ ಒಂದು ಮೊಳೆ ಇಟ್ಟು ಹೊಡೆದಳು. ಫಟ್ ಅಂತ ಮಡಕೆ ಎರಡು ಹೋಳು. ಸದ್ದಿಗೆ ಅಪ್ಪ ಓಡಿ ಬಂದ. ಮಡಕೆಗೆ ತೂತು ಹೊಡೀತಿದ್ದೀಯಾ, ನನ್ನ ಮನೇಲಿ ಇನ್ನು ಯಾರು ಸಾಯಬೇಕು ಅಂತ ಕೂಗಿದನಂತೆ. ನಿಂಗಿ ಬಿಕ್ಕಿ ಬಿಕ್ಕಿ, ಯಾರೂ ಸಾಯಬಾರದು ಅಂತಾನೇ ಅಪ್ಪ, ಕೊತ್ತಂಬರಿ ಬೆಳೆದ್ರೆ ನೀನು ಉಣ್ತೀಯ ಅಂತ ಅಂದಳಂತೆ.

ಚೌಡಣ್ಣ ಆ ಎರಡು ಹೋಳು ಎತ್ತಿಟ್ಟು, ಹೋಗಿ ಮಣ್ಣು ತುಳಿದು, ತಿಗರಿ ತಿರುಗಿಸಿ ಒಂದು ಮಡಕೆ ಎತ್ತಿದನಂತೆ. ಹಸಿ ಮಡಕೆ ಬುಡಕ್ಕೆ ಬೆರಳಿಟ್ಟ. ಒಂದು ತೂತಿಗೆ ಬೆನ್ನ ಮೇಲೆ ಆ ತಣ್ಣೀರು ತಾಕಿದಂಗಾಯ್ತು. ಎರಡನೇದಕ್ಕೆ ಕಣ್ಣೀರು ಬಂತು. ಮೂರನೇದಕ್ಕೆ ಕೆಂಚೀ ಅಂತ ಕೂಗಿ ಗೊಳೋ ಅಂತ ಅತ್ತನಂತೆ, ಅವತ್ತು ಸುಡುಗಾಡಲ್ಲಿ ಅಳದೇ ಇದ್ದದ್ದೆಲ್ಲ ಅತ್ತನಂತೆ.

ಆಮೇಲೆ ಮಡಕೆ ಒಣಗಿಸಿ ಸುಟ್ಟು, ಗೋಡೆ ಮೇಲಿಟ್ಟು ಬಿತ್ತಿದರು, ಸೊಪ್ಪು ಹಸಿರಾಗಿ ಎದ್ದಿತು. ನಿಂಗಿ ಒಂದು ಚಿವುಟು ಸಾರಿಗೆ ಹಾಕಿ ಬಡಿಸಿದಳು. ಚೌಡಣ್ಣ ಒಂದು ತುತ್ತು ಬಾಯಿಗಿಟ್ಟು, ಇದು ನಿಮ್ಮವ್ವನ ಘಮ ಅಲ್ಲ ಕಣವ್ವ ಅಂದ. ನಿಂಗಿ ಮುಖ ಸಣ್ಣಗಾಯ್ತು. ಆ ಘಮ ಇನ್ನೆಲ್ಲೂ ಸಿಗಾಕಿಲ್ಲ, ಇದು ನಿಂದು, ಇನ್ನೊಂದು ಸೌಟು ಬಿಡು ಅಂದನಂತೆ.

ಹಂಗೆ ಅಪ್ಪ ಮಗಳು ಹೊಟ್ಟೆ ತುಂಬ ಉಂಡ್ಕೊಂಡು, ಕೆಂಚವ್ವನ್ನ ನೆನೆಸ್ಕೊಂಡು, ಸುಖವಾಗಿದ್ದರಂತೆ. ನನ್ನ ಕತೇನೂ ಇಲ್ಲಿಗೆ ಮುಗೀತು, ಕಣ್ಣು ಮುಚ್ಚು ಮಗಾ.