ಛತ್ರದ ಗೋಡೆಯ ಸುಣ್ಣದ ಬೊಟ್ಟು

"ಗುರುಗಳೇ, ಈ ಉದ್ಯೋಗದ ಜಾಲತಾಣಗಳಿಂದ ನಿಜವಾಗಿ ಯಾರಿಗಾದರೂ ಒಳ್ಳೆಯದಾಗಿದೆಯೇ?"

ಕೇಳಿದವಳು ನಾಗವೇಣಿ. ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕಸುಬು. ಅವಳಿದ್ದ ಕಂಪನಿ ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅವಳು ದಿನವೂ ಬೆಳಿಗ್ಗೆ ಅಂಥದೊಂದು ತಾಣದಲ್ಲಿ ತನ್ನ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದಳು. ಎಷ್ಟು ಲೈಕ್ ಬಂತೆಂದು ಸಂಜೆಯವರೆಗೂ ನೋಡುತ್ತಿದ್ದಳು. ಲೈಕ್‌ಗಳಿಗೇನೂ ಕೊರತೆಯಿರಲಿಲ್ಲ, ಕೆಲಸ ಮಾತ್ರ ಬಂದಿರಲಿಲ್ಲ. ಈ ತಿಂಗಳು ಕಳೆದರೆ ನಕ್ಷೆಯ ಸಹವಾಸ ಬಿಟ್ಟು ಅಕ್ಕನ ಸೀರೆ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ಸೀರೆ ಮಡಿಸುವುದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

"ಎರಡು ಸಾವಿರದ ಮುನ್ನೂರು ಮಂದಿ ನನ್ನ ಸಂಪರ್ಕದಲ್ಲಿದ್ದಾರೆ. ಒಬ್ಬರೂ ಕರೆಯಲಿಲ್ಲ. ಇವತ್ತೇ ಅಲ್ಲಿನ ನನ್ನ ಖಾತೆಯನ್ನು ಅಳಿಸಿಬಿಡಲೇ?"

ಗುರುಗಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳಿನಲ್ಲಿ ಉಳಿದದ್ದನ್ನು ಪಕ್ಕದ ಕಂಬಕ್ಕೆ ಒರೆಸಿದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಲಾಯಿಯವನಿದ್ದ. ತಾಮ್ರದ ಪಾತ್ರೆ, ಹಿತ್ತಾಳೆಯ ಹಂಡೆ, ಏನೇ ಕೊಟ್ಟರೂ ಕಾಯಿಸಿ, ಒಳಗೆ ತವರ ಸವರಿ, ಬೆಳ್ಳಿಯಂತೆ ಮಾಡಿಕೊಡುತ್ತಿದ್ದ. ಕೈ ಒಳ್ಳೆಯದು. ಆದರೆ ಅದು ಅವನ ಓಣಿಗೆ ಮಾತ್ರ ಗೊತ್ತಿತ್ತು. ಓಣಿಯ ಪಾತ್ರೆಗಳೆಲ್ಲ ಬೆಳಗಿ ಮುಗಿದ ಮೇಲೆ, ಬೆಂಕಿಗೆ ಗಾಳಿ ಊದುವ ಅವನ ತಿದಿ ಮೂಲೆ ಸೇರಿತು. ಅವನ ಭಾವಮೈದುನನದು ಎಣ್ಣೆಗಾಣ. "ಸುಮ್ಮನೆ ಯಾಕೆ ಒದ್ದಾಡುತ್ತೀರಿ ಭಾವ? ತಿದಿ ಮಾರಿ ಬಂದುಬಿಡಿ. ಗಾಣದ ಎತ್ತಿನ ಹಿಂದೆ ಸುತ್ತುವುದಕ್ಕೆ ಒಬ್ಬರು ಬೇಕಾಗಿದ್ದಾರೆ" ಎಂದು ಕರೆದಿದ್ದ. ಕಲಾಯಿಯವನಿಗೆ ಎತ್ತಿನ ಮೇಲೆ ಕೋಪವಿರಲಿಲ್ಲ. ಆದರೂ ತಿದಿ ಮಾರಲು ಅವನ ಮನಸ್ಸು ಒಪ್ಪಲಿಲ್ಲ.

ಊರ ಹೊರಗೆ ನಾಲ್ಕು ದಾರಿ ಕೂಡುವ ಕಡೆ ಒಂದು ಛತ್ರವಿತ್ತು. ಅದರ ಉದ್ದ ಗೋಡೆಯ ಮೇಲೆ ಕಸುಬಿನವರು ಕೆಮ್ಮಣ್ಣಿನಲ್ಲಿ ತಮ್ಮ ಹೆಸರು, ಕಸುಬು, ಓಣಿ ಬರೆದಿಡುವುದು ವಾಡಿಕೆ. ಕಲಾಯಿಯವನೂ ಹೋಗಿ, ಬಾಗಿಲ ಪಕ್ಕದ ಒಳ್ಳೆಯ ಜಾಗ ಹಿಡಿದು, ಎದೆಯೆತ್ತರದಲ್ಲಿ ದಪ್ಪ ಅಕ್ಷರದಲ್ಲಿ ಬರೆದ. ಮರುದಿನ ಹೋಗಿ ನೋಡಿದರೆ ಹೆಸರಿನ ಪಕ್ಕದಲ್ಲಿ ಬೆಳ್ಳನೆಯ ಒಂದು ಬೊಟ್ಟು! ಅದರ ಮರುದಿನ ಮೂರು. ವಾರ ಕಳೆಯುವುದರೊಳಗೆ ಇಪ್ಪತ್ತು.

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೇಶ ಸುತ್ತುವ ಜನ ತನ್ನನ್ನು ಮೆಚ್ಚಿ ಗುರುತು ಇಟ್ಟು ಹೋಗುತ್ತಿದ್ದಾರೆ ಎಂದುಕೊಂಡ. ಹೀಗೆ ಅಂದುಕೊಂಡವನು ಅವನೊಬ್ಬನೇ ಅಲ್ಲ. ಹಗ್ಗ ಹೊಸೆಯುವವನು, ಬಡಗಿ, ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವವನು, ಎಲ್ಲರೂ ಬೆಳಿಗ್ಗೆ ಎದ್ದು ಗೋಡೆಯ ಮುಂದೆ ಹಾಜರು. "ನಿನಗೆಷ್ಟು? ನಿನಗೆಷ್ಟು?" ಇದೇ ಮಾತು. ಬಡಗಿಗೆ ಎರಡು ಬೊಟ್ಟು ಹೆಚ್ಚು ಬಂದ ದಿನ ಹಗ್ಗದವನು ಊಟ ಬಿಟ್ಟ. ಕೊನೆಗೆ ಇವನು ಅವನ ಹೆಸರಿಗೆ ಒಂದು ಇಡುವುದು, ಅವನು ಇವನ ಹೆಸರಿಗೆ ಒಂದು ಇಡುವುದು, ಹೀಗೊಂದು ಒಪ್ಪಂದವೂ ಆಯಿತು. ಗೋಡೆ ಬೆಳ್ಳಗಾಗುತ್ತ ಹೋಯಿತು. ಅಡುಗೆಮನೆಗಳು ತಣ್ಣಗಾಗುತ್ತ ಹೋದವು.

"ಇವತ್ತು ನೂರಾ ಎಂಟಾಯಿತು ಕಣೇ!" ಎಂದು ಕಲಾಯಿಯವನು ಒಂದು ದಿನ ಹೊಸ್ತಿಲಲ್ಲೇ ಕೂಗಿದ.

"ಸಂತೋಷ. ತಂದಿದ್ದರೆ ಕೊಡಿ, ಸಾರಿಗೆ ಹಾಕುತ್ತೇನೆ. ಬೇಳೆ ಮುಗಿದಿದೆ" ಎಂದಳು ಹೆಂಡತಿ.

ಅವನಿಗೆ ರೋಷ ಬಂತು. ಬೊಟ್ಟು ಇಡುವ ಒಬ್ಬನನ್ನಾದರೂ ಹಿಡಿದು ಮನೆಗೆ ಕರೆತಂದು ಇವಳ ಮುಂದೆ ನಿಲ್ಲಿಸುತ್ತೇನೆ ಎಂದು ಮರುದಿನ ಮಧ್ಯಾಹ್ನ ಛತ್ರಕ್ಕೆ ಹೋಗಿ ಕಂಬದ ಮರೆಯಲ್ಲಿ ನಿಂತ. ಊಟ ಮುಗಿಸಿದ ಒಬ್ಬ ಯಜಮಾನರು ಬಾಗಿಲಿಗೆ ಬಂದರು. ಸಂಚಿ ಬಿಚ್ಚಿದರು. ಎಲೆಗೆ ಸುಣ್ಣ ಹಚ್ಚಿದರು. ಎಲ್ಲೋ ನೋಡುತ್ತ ಕೈ ಚಾಚಿ, ಅವನ ಹೆಸರಿನ ಮೇಲೆ ಬೆರಳು ಒತ್ತಿದರು.

ಕಲಾಯಿಯವನು ಓಡಿಬಂದು ಕೈಮುಗಿದ. "ಯಜಮಾನರೇ, ನನ್ನ ಕೆಲಸವನ್ನು ತಾವು ಎಲ್ಲಿ ನೋಡಿದಿರಿ?"

"ಯಾವ ಕೆಲಸವಪ್ಪ?"

"ನನ್ನ ಹೆಸರಿಗೆ ಬೊಟ್ಟು ಇಟ್ಟಿರಲ್ಲ!"

"ಬೊಟ್ಟೇ? ಬೆರಳಿನ ಸುಣ್ಣ ಒರೆಸಿದೆ ಮಾರಾಯ. ಪಂಚೆಗೆ ಒರೆಸಿದರೆ ನಮ್ಮವಳು ಬಯ್ಯುತ್ತಾಳೆ" ಎಂದು ಯಜಮಾನರು ಎಲೆ ಅಗಿಯುತ್ತ ಹೊರಟುಹೋದರು.

ಕಲಾಯಿಯವನ ಮುಖ ಇಷ್ಟೇ ಇಷ್ಟಾಯಿತು. ನೂರಾ ಎಂಟು ಬೊಟ್ಟು, ಒಪ್ಪಂದದವನ್ನು ಬಿಟ್ಟರೆ ಉಳಿದದ್ದೆಲ್ಲ ಎಲೆಯಡಿಕೆ! ನಾಚಿಕೆ, ಸಿಟ್ಟು, ಹಸಿವು ಮೂರೂ ಒಟ್ಟಿಗೆ ಏರಿ ಬಂದವು. ಈ ಗೋಡೆಯ ಋಣವೇ ಬೇಡ, ಹೆಸರು ತೊಳೆದು ಹಾಕಿ ನಾಳೆಯೇ ಗಾಣಕ್ಕೆ ಹೋಗುತ್ತೇನೆ ಎಂದು ಬಾವಿಯಿಂದ ನೀರು ಸೇದಿ ತಂದ. ತೆಂಗಿನ ನಾರಿನಿಂದ ಉಜ್ಜಿದ. ಒಣಗಿ ಗಟ್ಟಿಯಾಗಿದ್ದ ಸುಣ್ಣ ಸುಲಭಕ್ಕೆ ಬಿಡಲಿಲ್ಲ. ಉಜ್ಜಿ ಉಜ್ಜಿ ಸೋತು, ಗೋಡೆಯ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತ.

ಇಷ್ಟು ದಿನ ಬಂದರೂ ಅಲ್ಲಿ ಅವನು ಕೂತದ್ದು ಅದೇ ಮೊದಲು.

ಕೂತವನ ಕಣ್ಣಿನ ಮಟ್ಟಕ್ಕೆ ಗೋಡೆಯ ತುಂಬ ಕರಿ ಅಕ್ಷರಗಳಿದ್ದವು. ದಾರಿಹೋಕರು ಅಲ್ಲಿ ಒಲೆ ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಅನ್ನ ಬೇಯುವ ತನಕ ಕೂತಲ್ಲೇ ಇದ್ದಿಲಿನ ಚೂರು ಹಿಡಿದು, ತಮಗೆ ಬೇಕಾದದ್ದನ್ನು ಗೋಡೆಗೆ ಬರೆಯುತ್ತಿದ್ದರು. ನಮ್ಮೂರ ಬಾವಿಗೆ ನಲವತ್ತು ಮೊಳದ ಹಗ್ಗ ಬೇಕು. ಗಾಡಿಯ ಅಚ್ಚು ಮುರಿದಿದೆ, ಮೂರು ದಿನದಿಂದ ಕೆರೆ ಏರಿಯ ಮೇಲೆ ಕೂತಿದ್ದೇವೆ. ಅದರ ಪಕ್ಕದಲ್ಲಿ ಒಂದು ಹೊಸ ಸಾಲು: "ಬರುವ ಸೋಮವಾರ ಮಗಳ ಮದುವೆ. ಹಂಡೆ, ಕೊಪ್ಪರಿಗೆ ಎಲ್ಲ ಕಿಲುಬು ಹಿಡಿದಿವೆ. ಮೇಲೆ ಯಾರೋ ಕಲಾಯಿಯವರ ಹೆಸರಿದ್ದಂತಿದೆ, ಸುಣ್ಣದಲ್ಲಿ ಮುಚ್ಚಿಹೋಗಿದೆ, ಓದಲಾಗಲಿಲ್ಲ. ಯಾರಿಗಾದರೂ ಅವರು ಸಿಕ್ಕರೆ ಹುಣಸೆತೋಪಿನಾಚೆಯ ಊರಿಗೆ ಕಳಿಸಿ, ಪುಣ್ಯ ಬರುತ್ತದೆ."

ಅವನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ನಗು ಬಂತು. ಒಬ್ಬನೇ ಕೂತು, ನೀರಿನ ಕೊಡ ಉರುಳಿಹೋಗುವಷ್ಟು ನಕ್ಕ. ಅಂದು ಗುರುವಾರ. ಇನ್ನು ಮೂರೇ ದಿನ!

ಎದ್ದು ಓಡಿದ. ದಾರಿಯಲ್ಲಿ ಹಗ್ಗದವನ ಮನೆ ಸಿಕ್ಕಿತು. ನಿಂತು ಬಾವಿಯ ಸುದ್ದಿ ಹೇಳಿದ. ಬಡಗಿಯ ಕೊಟ್ಟಿಗೆಗೆ ತಲೆ ಹಾಕಿ, ಕೆರೆ ಏರಿಯ ಮೇಲೆ ಗಾಡಿಯಿದೆ ಎಂದು ಕೂಗಿದ. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಅವರಿಬ್ಬರೂ ಅದೇ ಗೋಡೆಯ ಮುಂದೆ ದಿನಾ ಬೆಳಿಗ್ಗೆ ನಿಲ್ಲುತ್ತಿದ್ದವರೇ. ಹೆಂಡತಿ ತಿದಿಯನ್ನು ಮೂಲೆಯಿಂದ ಎಳೆದು ಧೂಳು ಕೊಡವಿ ಅವನ ಹೆಗಲಿಗೆ ಏರಿಸಿದಳು. ಬಾಗಿಲಲ್ಲಿ ನಿಂತು ಅವನು ತಿರುವು ದಾಟುವವರೆಗೆ ನೋಡಿದಳು.

ಮದುವೆಮನೆಯಲ್ಲಿ ಮೂರು ದಿನ ಅವನ ತಿದಿ ಉಸಿರಾಡಿತು. ಕಲಾಯಿಗೆ ಹಾಕುವ ನವಸಾಗರದ ಹೊಗೆ ಚಪ್ಪರದ ತನಕ ಏರಿತು. ಸೋಮವಾರ ಬೆಳಿಗ್ಗೆ ಹಸೆಗೇರುವ ಮುಂಚೆ ಮದುಮಗಳು ಕೊಪ್ಪರಿಗೆಯೊಳಗೆ ಬಗ್ಗಿ ಮುಖ ನೋಡಿ ಮೂಗುತಿ ಸರಿಮಾಡಿಕೊಂಡಳು. ಅಡುಗೆಭಟ್ಟರು ಕಲಾಯಿಯವನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ, ಪಾಯಸವನ್ನು ಎರಡು ಸಲ ಬಡಿಸಿದರು.

ಆಮೇಲೆ ಅವನಿಗೆ ಬಿಡುವೇ ಸಿಗಲಿಲ್ಲ. ಬಾವಿಯ ಊರಿಗೆ ಹೋದ ಹಗ್ಗದವನು ಅಲ್ಲಿನ ಗುಡಿಯ ಹಂಡೆ ಕಂಡು ಇವನನ್ನು ಕರೆಸಿದ. ಬಡಗಿ ರಿಪೇರಿ ಮಾಡಿಕೊಟ್ಟ ಗಾಡಿಯವನು ಮುಂದಿನ ಊರಿನಲ್ಲೆಲ್ಲ ಇವನ ಮಾತಾಡಿದ. ಗಾಣದ ಭಾವಮೈದುನನೂ ಒಂದು ದಿನ ಎಣ್ಣೆಯ ಕೊಳಗ ಹೊತ್ತು ತಂದು ಸರತಿಯಲ್ಲಿ ನಿಂತ. ಗೋಡೆಯ ಮೇಲೆ ಕಲಾಯಿಯವನು ತನ್ನ ಹೆಸರನ್ನು ಮತ್ತೆ ಬರೆದ, ಈ ಸಲ ಸುಣ್ಣದ ಬೆರಳಿಗೆ ಎಟುಕದ ಎತ್ತರದಲ್ಲಿ. ಆದರೆ ಛತ್ರಕ್ಕೆ ಹೋದಾಗಲೆಲ್ಲ ಮೊದಲು ಕೂರುತ್ತಿದ್ದ. ಕೆಳಗಿನ ಸಾಲುಗಳನ್ನು ಓದಿ, ಯಾರ ಸುದ್ದಿ ಯಾರಿಗೆ ಮುಟ್ಟಬೇಕೋ ಮುಟ್ಟಿಸಿ ಬರುತ್ತಿದ್ದ. ಒಂದು ಸಲ ಹಾಗೆ ಕೂತಾಗ, ಮದುವೆಯ ಸಾಲು ಬರೆದಿದ್ದ ಮದುಮಗಳ ತಾಯಿಯ ಅದೇ ಕೈಬರಹದಲ್ಲಿ ಇನ್ನೊಂದು ಸಾಲು ಕಂಡಿತು: "ಕಲಾಯಿಯವನು ಸಿಕ್ಕಿದ. ಕೆಲಸ ಚಿನ್ನದಂಥದು. ಮನೆ ಹುಡುಕುವವರು ಕುಂಬಾರ ಓಣಿಯಲ್ಲಿ ಕೇಳಿ."

"ಇವತ್ತು ಎಷ್ಟು ಬೊಟ್ಟು?" ಎಂದು ಹೆಂಡತಿ ಈಗಲೂ ಕೇಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ನಾಗವೇಣಿಯ ಕಣ್ಣು ಪಕ್ಕದ ಕಂಬದ ಮೇಲೆ ಬಿತ್ತು. ಅದರ ಒಂದು ಮಗ್ಗುಲು ಪೂರ್ತಿ ಬೆಳ್ಳಗಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಎಂಟು ತಿಂಗಳಲ್ಲಿ ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಇದೇ ಮೊದಲು.

"ಗುರುಗಳೇ, ಅಳಿಸಲೋ ಬೇಡವೋ? ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದಳು, ಕಣ್ಣು ಒರೆಸಿಕೊಳ್ಳುತ್ತ.

"ಆ ಎರಡು ಸಾವಿರದ ಮುನ್ನೂರು ಮಂದಿಯಲ್ಲಿ ಇವತ್ತು ಯಾರಿಗೆ ಏನು ಬೇಕಾಗಿದೆ? ಒಬ್ಬರದು ಹೇಳು, ಸಾಕು."

ನಾಗವೇಣಿ ಫೋನ್ ತೆಗೆದಳು. ತನ್ನ ಲೈಕ್‌ಗಳನ್ನು ದಾಟಿ, ಬೇರೆಯವರು ಬರೆದ ಸಾಲುಗಳನ್ನು ಓದತೊಡಗಿದಳು.