ದಂಡಮ್ಮನ ಅವಸರದ ನಕಲು

ಮಕ್ಕಳೇ, ಒಂದು ಕೆರೆಯ ಮೆಟ್ಟಿಲ ಬಳಿ ಬರಿಗಣ್ಣಿಗೆ ಕಾಣದ ಇಬ್ಬರು ನೆರೆಯವರಿದ್ದರು. ಕಲ್ಲಿಗೆ ಅಂಟಿಕೊಂಡು ಬದುಕುತ್ತಿದ್ದವಳು ಗುಂಡು ಮೈಯ ಬ್ಯಾಕ್ಟೀರಿಯಾ ಗುಂಡಮ್ಮ. ಬಾಲ ಬೀಸಿ ಈಜುತ್ತಿದ್ದವಳು ಕೋಲು ಮೈಯ ದಂಡಮ್ಮ. ದಂಡಮ್ಮನಿಗೆ ತನ್ನ ಬಾಲದ ಮೇಲೆ ಬಲು ಹೆಮ್ಮೆ. ತನ್ನ ವಂಶದ ಮೇಲೆ ಅದಕ್ಕಿಂತ ಹೆಚ್ಚು.

ಒಂದು ಬೆಳಿಗ್ಗೆ ಯಾರೋ ಆ ಕಲ್ಲಿನ ಮೇಲೆ ಬೆಲ್ಲದ ಪಾತ್ರೆ ತೊಳೆದು ಹೋದರು.

"ಬಾರೇ ದಂಡಮ್ಮ, ಊಟಕ್ಕೆ!" ಎಂದು ಗುಂಡಮ್ಮ ಕೂಗಿದಳು. "ನಾನಾಗಲೇ ಮೈ ಸೀಳಿಕೊಂಡು ಇಬ್ಬರಾದೆ, ನೋಡು!"

ದಂಡಮ್ಮನಿಗೆ ಹೊಟ್ಟೆ ಉರಿಯಿತು. ಗುಂಡಮ್ಮ ಇಬ್ಬರಾಗಿ ಕುಳಿತಿರುವಾಗ ತಾನು ಒಬ್ಬಳೇ ಹೋಗುವುದೇ? ಹಸಿವಿದ್ದರೂ, ಇಬ್ಬರಾದ ಮೇಲೆಯೇ ಹೊರಡುವುದೆಂದು ನಿಶ್ಚಯಿಸಿದಳು.

ಅವಳೊಳಗೆ ಡಿಎನ್‌ಎ ಎಂಬ, ಎರಡೆಳೆ ಹೊಸೆದ ಹಗ್ಗದಂಥ ಬಳೆಯಿತ್ತು. ಬಾಲ ಹೆಣೆಯುವುದು ಹೇಗೆ, ಬೆಲ್ಲ ಅರಗಿಸುವುದು ಹೇಗೆ ಎಂಬುದನ್ನೆಲ್ಲ ಅದರಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದಿತ್ತು. ಒಂದೆಳೆಯಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ. ಜಿ ಇದ್ದರೆ ಎದುರಿಗೆ ಸಿ. ನಕಲುರಾಯನೆಂಬ ಹಳೆಯ ಕೆಲಸಗಾರ ಎಳೆಗಳನ್ನು ಬಿಡಿಸಿ, ಒಂದೊಂದರ ಎದುರಿಗೂ ಹೊಸ ಎಳೆ ಜೋಡಿಸುತ್ತಿದ್ದ. ಒಂದಕ್ಷರ ಇಡುವುದು, ತಿರುಗಿ ನೋಡುವುದು, ತಪ್ಪಿದ್ದರೆ ಕಿತ್ತು ಸರಿಯಾದದ್ದನ್ನು ಇಡುವುದು: ಇದು ಅವನ ಪದ್ಧತಿ.

"ಏನಯ್ಯಾ, ಹೆಜ್ಜೆಹೆಜ್ಜೆಗೂ ಹಿಂದೆ ನೋಡ್ತೀಯ? ಬೇಗ ಮುಗಿಸು!" ಎಂದು ದಂಡಮ್ಮ ಗದರಿದಳು.

"ಅಮ್ಮಾವ್ರೇ, ಇದು ಬಾಲದ ಪಾಠ. ಎ ಎದುರಿಗೆ ಸಿ ಕೂತಿದೆ. ಒಂದು ಗಳಿಗೆ ಕೊಟ್ಟರೆ…"

"ಕೂತರೆ ಕೂರಲಿ! ಹೊಸ ಎಳೆಯಲ್ಲಿ ತಪ್ಪಿದ್ದರೆ ಅದು ಮಗಳ ಪಾಲಿಗೆ ತಾನೆ? ನನಗೇನು?"

ನಕಲುರಾಯ ತಪ್ಪನ್ನು ಹಾಗೇ ಬಿಟ್ಟು ಮುಂದೆ ಸಾಗಿದ. ಬಳೆ ಎರಡಾಯಿತು. ದಂಡಮ್ಮ ಉದ್ದಕ್ಕೆ ಹಿಗ್ಗಿ, ನಡುವಿನಲ್ಲಿ ಸಣ್ಣಗಾಗಿ, ಪಟ್ಟನೆ ಇಬ್ಬರಾದಳು. ಆ ಎಳೆದಾಟದಲ್ಲಿ ಹಳೆಯ ಬಾಲ ಮುರಿದುಬಿತ್ತು.

ಅವಳಿಂದ ಬೇರ್ಪಟ್ಟ ಇನ್ನೊಬ್ಬಳು ಚಕಚಕನೆ ಹೊಸ ಬಾಲ ಹೆಣೆದುಕೊಂಡು ಕಲ್ಲಿನತ್ತ ಈಜಿದಳು. ದಂಡಮ್ಮನೂ ಹೆಣೆದಳು, ಬುಡದಲ್ಲೇ ಕಳಚಿತು. ಮತ್ತೆ ಹೆಣೆದಳು, ಮತ್ತೆ ಕಳಚಿತು.

"ನಕಲುರಾಯ! ನಾನು ತಾಯಿ ಕಣೋ! ತಪ್ಪು ಅವಳಿಗೆ ಹೋಗಬೇಕಿತ್ತು!"

"ನಮ್ಮಲ್ಲಿ ತಾಯಿ ಯಾರು, ಮಗಳು ಯಾರು ಅಮ್ಮಾವ್ರೇ? ಹಳೆಯ ಎಳೆ ಅವರಿಗೊಂದು, ನಿಮಗೊಂದು. ಹೊಸ ಎಳೆಯೂ ಅವರಿಗೊಂದು, ನಿಮಗೊಂದು. ತಪ್ಪಿದ್ದ ಎಳೆ ನಿಮ್ಮ ಕಡೆ ಬಂತು, ಅಷ್ಟೆ."

ಕಲ್ಲಿನ ಮೇಲಿಂದ ಗುಂಡಮ್ಮನ ದನಿ ಕೇಳಿಸಿತು. "ಬಾಮ್ಮ ದಂಡಮ್ಮ, ಕೂತ್ಕೋ. ಅಲ್ಲಿ ಒದ್ದಾಡ್ತಿರೋಳು ಯಾರೇ?"

"ಗೊತ್ತಿಲ್ಲ ಕಣಮ್ಮ. ಯಾರೋ ಬಾಲವಿಲ್ಲದವಳು," ಎಂದು ಈಜಿ ಬಂದವಳು ಬೆಲ್ಲಕ್ಕೆ ಬಾಯಿ ಹಾಕಿದಳು.

ಹಸಿದ ದಂಡಮ್ಮ ಮೆಲ್ಲಗೆ ಕೆಸರಿಗಿಳಿದಳು.

ನೀತಿ: ಬೇರೆಯವರ ಪಾಲಿಗಿರಲಿ ಎಂದು ಬಿಟ್ಟ ತಪ್ಪು, ಯಾರ ಮನೆಗೆ ಹೋಗಲಿ ಎಂದು ನಮ್ಮನ್ನು ಕೇಳಿ ಹೊರಡುವುದಿಲ್ಲ.